ಆರು ಬಾಟಲಿ, ಒಂದೇ ನೀರು

ದೊಡ್ಡಮ್ಮನ ಮಗಳು ನನಗಿಂತ ಎಂಟು ತಿಂಗಳಿಗೆ ದೊಡ್ಡವಳು. ಆ ಎಂಟು ತಿಂಗಳ ಕಾರಣಕ್ಕೆ ಅವಳನ್ನು ಮಾತು ಬಂದಾಗಿನಿಂದ ಅಕ್ಕ ಎಂದೇ ಕರೆಯುತ್ತ ಬಂದಿದ್ದೇನೆ. ಶಿಕಾರಿಪುರದ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಕೆಮಿಸ್ಟ್ರಿ ರೆಕಾರ್ಡನ್ನು ನಾನು ಬರೆಯುತ್ತಿದ್ದೆ, ಅವಳು ನೋಡಿ ಇಳಿಸಿಕೊಳ್ಳುತ್ತಿದ್ದಳು. ನಾನು ಎಂ.ಎಸ್ಸಿ. ಮುಗಿಸಿದೆ, ಅವಳು ಡಿಗ್ರಿಗೇ ನಿಲ್ಲಿಸಿದಳು. ಇದನ್ನು ಮೊದಲೇ ಬರೆಯುವುದಕ್ಕೆ ಕಾರಣವಿದೆ. ಮುಂದೆ ನಾನು ಮಾಡಿದ್ದನ್ನೆಲ್ಲ ಬಹಳ ಕಾಲ ಈ ನಾಲ್ಕೈದು ವಾಕ್ಯಗಳ ಬಲದ ಮೇಲೆಯೇ ಸಮರ್ಥಿಸಿಕೊಂಡಿದ್ದೆ.

ಓದು ಮುಗಿದ ಮೇಲೆ ನನಗೆ ಸಿಕ್ಕಿದ್ದು ಶಿಕಾರಿಪುರದ ಒಂದು ಸಣ್ಣ ಖಾಸಗಿ ಲ್ಯಾಬಿನ ಕೆಲಸ. ಮಣ್ಣು, ನೀರು ಪರೀಕ್ಷಿಸಿ ವರದಿ ಕೊಡುವುದು. ಸೊರಬದ ನಮ್ಮ ಮನೆಯಿಂದ ದಿನವೂ ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಹತ್ತಬೇಕು. ಅಕ್ಕನಿಗೆ ಸಿಕ್ಕಿದ್ದು ಹಳ್ಳಿಗಳಲ್ಲಿ ಕುಡಿಯುವ ನೀರಿನ ಘಟಕ ನಡೆಸುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್ ಕೆಲಸ. ಒಂದು ವರ್ಷದೊಳಗೆ ಓಡಾಟಕ್ಕೆಂದು ಕಂಪನಿಯ ಬಿಳಿ ಕಾರು ಬಂತು. ಅದು ನಮ್ಮ ಬಸ್ಸನ್ನು ಹಿಂದಿಕ್ಕಿ ಹೋಗುವಾಗ ನಾನು ಬ್ಯಾಗಿನಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸುತ್ತಿದ್ದೆ. ಒಮ್ಮೆ ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ಕಾರು ನಿಲ್ಲಿಸಿದಳು.

"ಹತ್ತೇ."

"ಬೇಡಕ್ಕ. ಬಸ್ಸು ಫ್ರೀ ಇದೆ."

"ಕಾರೂ ಫ್ರೀನೇ ಕಣೇ, ದಡ್ಡಿ" ಎಂದು ನಕ್ಕಳು. ನಾನು ಹತ್ತಲಿಲ್ಲ.

ಮನೆಯಲ್ಲಿ ಅಮ್ಮ ನನ್ನ ತಟ್ಟೆಗೆ ರೊಟ್ಟಿ ಹಾಕುತ್ತ ಅಂದಿನ ಸುದ್ದಿ ಕೊಡುತ್ತಿದ್ದಳು. "ನಿನ್ನಕ್ಕ ದೊಡ್ಡಮ್ಮಂಗೆ ಫ್ರಿಜ್ ತಂದುಕೊಟ್ಲಂತೆ ಮಾರಾಯ್ತಿ. ನೀನು ಅಷ್ಟು ಓದಿ ದಿನಾ ನೀರು ಅಲ್ಲಾಡಿಸ್ಕೊಂಡು ಕೂತಿದೀಯ." ಅಮ್ಮನ ಮಾತಿನಲ್ಲಿ ವಿಷವಿರಲಿಲ್ಲ. ಅದನ್ನು ನಾನು ಒಳಗೆ ಸೇರಿಸಿಕೊಳ್ಳುತ್ತಿದ್ದೆ.

ಅಕ್ಕನ ಕಂಪನಿಯ ಘಟಕಗಳನ್ನು ಈ ಕಡೆಯವರೆಲ್ಲ ನೋಡಿರುತ್ತಾರೆ. ನೀಲಿ ಬಣ್ಣದ ಸಣ್ಣ ಕೋಣೆ, ಹೊರಗೊಂದು ನಲ್ಲಿ, ಕಾಯಿನ್ ಹಾಕಿದರೆ ಒಂದು ಕ್ಯಾನ್ ನೀರು. ಒಳಗೆ ಕೊಳವೆಬಾವಿಯ ನೀರು ಮೆಂಬ್ರೇನ್ ಎಂಬ ಬಹಳ ಸೂಕ್ಷ್ಮವಾದ ಪೊರೆಯನ್ನು ಹಾದು ಬರಬೇಕು. ಆ ಪೊರೆ ದುಬಾರಿ, ಆಗಾಗ ಬದಲಿಸುತ್ತಿರಬೇಕು. ನೀರು ಸರಿಯಾಗಿದೆ ಎಂಬ ವರದಿಯನ್ನು ಕಂಪನಿ ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಕೊಡಬೇಕು. ವರದಿಯಲ್ಲಿ 'ಕುಡಿಯಲು ಯೋಗ್ಯ' ಎಂದಿದ್ದರೆ ಸಾಕು, ಬಿಲ್ ಪಾಸಾಗುತ್ತದೆ; ಅಂಕಿಗಳು ಲ್ಯಾಬಿನ ರಿಜಿಸ್ಟರಿನಲ್ಲೇ ಉಳಿಯುತ್ತವೆ. ಆ ವರದಿಗಳನ್ನು ಮಾಡುತ್ತಿದ್ದವಳು ನಾನು.

ಲ್ಯಾಬಿನವರೇ ಊರಿಗೆ ಹೋಗಿ ಬಾಟಲಿ ತುಂಬಿಸಿ ತರುವುದು ಸರಿಯಾದ ಕ್ರಮ. ರೂಢಿ ಬೇರೆಯಿತ್ತು. ನಾವು ಖಾಲಿ ಬಾಟಲಿ ಕೊಡುತ್ತಿದ್ದೆವು, ಕಂಪನಿಯವರು ಊರಿನ ಹೆಸರಿನ ಚೀಟಿ ಅಂಟಿಸಿ ತುಂಬಿಸಿ ತರುತ್ತಿದ್ದರು. ವರದಿಯ ಕೆಳಗೆ, ಓದಲು ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, 'ಮಾದರಿಯನ್ನು ಗ್ರಾಹಕರೇ ತಂದುಕೊಟ್ಟಿರುತ್ತಾರೆ' ಎಂದು ಅಚ್ಚಾಗಿರುತ್ತಿತ್ತು. ಅಕ್ಕ ಬಾಟಲಿಗಳ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, ಲ್ಯಾಬಿನ ಮಾಲೀಕರಿಗೂ ಕೇಳಿಸುವ ಹಾಗೆ, "ಮೇಡಂ, ಒಂದು ಸಹಿ ಹಾಕಿ ಕೊಡ್ತೀರಾ?" ಎನ್ನುತ್ತಿದ್ದಳು. ಅದು ತಮಾಷೆ ಎಂದು ನನಗೆ ಗೊತ್ತಿತ್ತು. ಸಹಿ ಹಾಕುವಾಗ ತಲೆ ಎತ್ತುತ್ತಿರಲಿಲ್ಲ.

ಆಷಾಢದ ಕೊನೆಯಲ್ಲಿ ಆರು ಬಾಟಲಿ ಬಂದವು. ಮೂರು ಶಿಕಾರಿಪುರದ ಕಡೆಯ ಊರಿನವು, ಮೂರು ಸೊರಬದ ಕಡೆಯವು. ಈ ಎರಡು ಸೀಮೆಯ ನೀರು ಒಂದೇ ಅಲ್ಲ ಎನ್ನಲು ಎಂ.ಎಸ್ಸಿ. ಓದಬೇಕಾಗಿಲ್ಲ. ಶಿಕಾರಿಪುರದ ಬಯಲ ಕಡೆಯ ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಸೊರಬದ ಕಡೆ ಬೇಳೆ ಬೇಯುತ್ತದೆ, ಆದರೆ ಬಿಳಿ ಬಟ್ಟೆ ಕೆಂಪಾಗುತ್ತದೆ. ಹೆಣ್ಣು ಕೊಡುವಾಗ "ಆ ಊರಿನ ನೀರು ಹೆಂಗೆ?" ಎಂದು ಹಿರಿಯರು ಕೇಳುತ್ತಿದ್ದುದು ಸುಮ್ಮನೆ ಅಲ್ಲ. ಮೆಂಬ್ರೇನ್ ಹಾದು ಬಂದರೂ ನೀರಿನಲ್ಲಿ ತನ್ನ ನೆಲದ ಗುರುತು ಚೂರು ಉಳಿದಿರುತ್ತದೆ. ಅಂದು ಗಡಸುತನ ಅಳೆಯಲು ನನ್ನ ಬ್ಯೂರೆಟ್ಟಿನ ಗಾಜಿನ ನಳಿಗೆಯಿಂದ ದ್ರಾವಣದ ಹನಿ ಬೀಳುತ್ತಿದ್ದ ಹಾಗೆ ಮೊದಲ ಬಾಟಲಿಯ ನೀರು ಯಾವ ಹನಿಗೆ ಕೆಂಪಿನಿಂದ ನೀಲಿಗೆ ತಿರುಗಿತೋ ಎರಡನೆಯದೂ ಅದೇ ಹನಿಗೆ ತಿರುಗಿತು. ಮೂರನೆಯದೂ, ಆರನೆಯದೂ. ಕಬ್ಬಿಣದ ಅಂಶ ಆರರಲ್ಲೂ ಒಂದೇ, ಫ್ಲೋರೈಡೂ ಒಂದೇ. ಇನ್ನೊಮ್ಮೆ ಮಾಡಿದೆ. ಆರು ಊರಿನ ಹೆಸರು ಹೊತ್ತು ಬಂದದ್ದು ಒಂದೇ ನಲ್ಲಿಯ ನೀರು.

ನನಗೆ ಮೊದಲು ಆದದ್ದು ಸಂತೋಷ. ಭಯವಾಗಲಿ, ಆ ನೀರು ಕುಡಿಯುವವರ ಚಿಂತೆಯಾಗಲಿ ಆಮೇಲೆ ಬಂದವು. ನನ್ನ ರೆಕಾರ್ಡ್ ನೋಡಿ ಬರೆದವಳು ಇವತ್ತೂ ನೋಡಿಯೇ ಬರೆಯುತ್ತಿದ್ದಾಳೆ, ಇವತ್ತು ಸಿಕ್ಕಿಬಿದ್ದಳು ಎನ್ನುವ ಸಂತೋಷ. ಯಾರೂ ಇಲ್ಲದ ಹೊತ್ತು ನೋಡಿ ಹಳೆಯ ರಿಜಿಸ್ಟರ್ ತೆಗೆದೆ. ಹಿಂದಿನ ಕಂತುಗಳಲ್ಲೂ ಇದೇ ಕಥೆ; ಒಂದೊಂದೇ ವರದಿ ಬರೆದು ಮುಗಿಸುತ್ತಿದ್ದ ನಾನು ಅಂಕಿಗಳನ್ನು ಎಂದೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಅಕ್ಕ ಕೆಲಸಕ್ಕೆ ಸೇರುವ ಮೊದಲೂ, ಬೇರೆ ಯಾರೋ ಬಾಟಲಿ ತಂದ ಕಂತುಗಳಲ್ಲೂ, ಊರುಗಳ ಅಂಕಿಗಳು ಅವಳಿ ಮಕ್ಕಳ ಹಾಗಿದ್ದವು. ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದುಕೊಂಡೆ, ಮೇಲೆ ತಾರೀಖು ಹಾಕಿದೆ. ಅಕ್ಕನಿಗಿಂತ ಹಿಂದಿನ ಆ ಸಾಲುಗಳನ್ನು ಬರೆಯುವಾಗ ಸ್ವಲ್ಪ ನಿರಾಸೆಯಾದದ್ದು ನೆನಪಿದೆ. ಅವು ತಪ್ಪನ್ನು ಅವಳಿಂದ ಕಂಪನಿಯ ಕಡೆಗೆ ಸರಿಸುತ್ತಿದ್ದವು.

ಮಾಲೀಕರಿಗೆ ಹೇಳಿದೆ. ಹೆಚ್ಚು ಹೇಳಲಿಲ್ಲ. "ಸರ್, ಆರೂ ಒಂದೇ ಥರ ಬರ್ತಾ ಇದೆ" ಎಂದೆ ಅಷ್ಟೆ.

ಅವರು ಅಂದಿನ ಅಂಕಿಗಳನ್ನು ನೋಡಿದರು. "ನೋಡಮ್ಮಾ, ಬಾಟಲೀಲಿ ಏನೈತೋ ಅದನ್ನ ಟೆಸ್ಟ್ ಮಾಡೋದು ನಮ್ಮ ಕೆಲಸ. ಬಾಟಲಿ ಎಲ್ಲಿಂದ ಬಂತು ಅನ್ನೋದು ಅವರ ಕೆಲಸ. ಬಾಟಲಿ ನೀರು ಚೆನ್ನಾಗೈತೋ ಇಲ್ವೋ?"

"ಚೆನ್ನಾಗಿದೆ ಸರ್."

"ಮತ್ತೆ? ಹಂಗೇ ಬರಿ."

ಹಾಗೇ ಬರೆದೆ. ಆರು ವರದಿಗೂ ಸಹಿ ಹಾಕಿದೆ. ನನ್ನ ಹಾಳೆಯನ್ನು ಮಾತ್ರ ಮನೆಗೆ ತಂದು ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟೆ.

ಮಾಲೀಕರ ಮಾತಿಗೆ ಹೆದರಿ ಸುಮ್ಮನಾದೆ ಎಂದು ಹೇಳಿಕೊಳ್ಳಬಹುದಿತ್ತು. ಅದು ನಿಜವಲ್ಲ. ಕಂಪನಿ ಸೊರಬ ತಾಲ್ಲೂಕಿನ ಇನ್ನಷ್ಟು ಹಳ್ಳಿಗಳ ಗುತ್ತಿಗೆ ಹಿಡಿಯುವುದರಲ್ಲಿತ್ತು. ಗಣಪತಿ ಹಬ್ಬದ ಹೊತ್ತಿಗೆ ಸೊರಬದಲ್ಲಿ ಒಂದು ಸಮಾರಂಭ, ಒಳ್ಳೆಯ ಕೆಲಸಗಾರರಿಗೆ ಶಾಲು ಹೊದಿಸಿ ಸನ್ಮಾನ. ಅದರಲ್ಲಿ ಅಕ್ಕನ ಹೆಸರಿತ್ತು. ನಮ್ಮ ನೆಂಟರಿಷ್ಟರೆಲ್ಲ ಬರುವವರಿದ್ದರು. ಅಮ್ಮ ಆಗಲೇ ಯಾವ ಸೀರೆ ಉಡುವುದೆಂದು ಯೋಚಿಸುತ್ತಿದ್ದಳು. ಆ ಶಾಲು ಅಕ್ಕನ ಹೆಗಲಿಗೆ ಬಿದ್ದ ಮೇಲೆ, ಅದರ ಮರುದಿನವೇ, ಹಾಳೆಯನ್ನು ಹೊರಗೆ ತೆಗೆಯುವುದೆಂದು ನಾನು ತೀರ್ಮಾನಿಸಿದ್ದೆ. ಮೊದಲೇ ತೆಗೆದರೆ ಸನ್ಮಾನ ತಪ್ಪುತ್ತಿತ್ತು, ಅಷ್ಟೆ. ನನಗೆ ಅಷ್ಟು ಸಾಲದು ಅನಿಸಿತ್ತು.

ನಡುವೆ ಪಂಚಮಿ ಬಂತು. ದೊಡ್ಡಮ್ಮನ ಊರು ಶಿಕಾರಿಪುರಕ್ಕೂ ಶಿರಾಳಕೊಪ್ಪಕ್ಕೂ ನಡುವೆ. ಆ ಆರು ಚೀಟಿಗಳಲ್ಲಿ ಒಂದರ ಮೇಲೆ ಅದರ ಹೆಸರಿತ್ತು. ಅಮ್ಮ ಕಟ್ಟಿಕೊಟ್ಟ ಕಡುಬಿನ ಡಬ್ಬಿ ಹಿಡಿದು ಹೋದೆ. ಅಕ್ಕ ಯಾವುದೋ ಊರಿನ ಘಟಕ ನೋಡಲು ಹೋಗಿದ್ದಳು.

"ಬಾರವ್ವ, ದಾರಿ ತಪ್ಪಿ ಬಂದೆಯೇನು?" ಎಂದು ದೊಡ್ಡಮ್ಮ ಕೈ ಹಿಡಿದು ಕೂರಿಸಿದಳು. "ಉಂಡಿ ತಗೋ. ಶೇಂಗಾದು, ಎಳ್ಳಿಂದು, ಎರಡೂ ಐತಿ." ಫ್ರಿಜ್ಜಿನಿಂದ ತಂಬಿಗೆ ತೆಗೆದು ಲೋಟಕ್ಕೆ ನೀರು ಬಗ್ಗಿಸಿದಳು. "ಕುಡಿ. ಮಷಿನ್ ನೀರು. ನಿಮ್ಮ ಸೊರಬದ ನೀರಿನಂಗ ತುಕ್ಕು ವಾಸನಿ ಇಲ್ಲ."

"ನೀರು ಬೇಡ ದೊಡ್ಡಮ್ಮ. ಚಹಾ ಮಾಡ್ತೀಯಾ?"

"ಉಂಡಿ ತಿಂದು ಚಾ ಕುಡಿಯಾಕ ನೀನೇನು ಬಸ್ ಕಂಡಕ್ಟರಾ?" ಎಂದು ಬೈಯುತ್ತಲೇ ಒಲೆ ಹಚ್ಚಿದಳು.

ಮೊದಲೆಲ್ಲ ಮಳೆಗಾಲದಲ್ಲಿ ಆ ಮನೆಯಲ್ಲಿ ಕುಡಿಯುವ ನೀರನ್ನು ಕುದಿಸಿ ತಾಮ್ರದ ಕೊಡದಲ್ಲಿ ಆರಿಸಿಡುತ್ತಿದ್ದರು. ಕೊಡ ಅಡುಗೆಮನೆಯಲ್ಲಿ ಕಾಣಲಿಲ್ಲ. "ಈಗ ನೀರು ಕಾಯಿಸಲ್ವಾ?" ಎಂದೆ.

"ಯಾಕ ಕಾಯಿಸ್ಲಿ? ಮಷಿನ್ ನೀರು ಕಾಯಿಸಿದ್ರ ಅದರ ಸತ್ವ ಹೋಗ್ತದಂತ. ನಿಮ್ಮಕ್ಕನೇ ಹೇಳ್ಯಾಳ. ನಮ್ಮ ಕೇರಿಯಾಗ ಈಗ ಯಾರೂ ಕಾಯಿಸಂಗಿಲ್ಲ." ಚಹಾಕ್ಕೆ ಬೆಲ್ಲ ಹಾಕುತ್ತ ಸೇರಿಸಿದಳು, "ಲಿಂಗಪೂಜಿಗೆ ಮಾತ್ರ ಬಾವಿ ನೀರೇ ತರ್ತೀನಿ. ರೊಕ್ಕಾ ಹಾಕಿ ತಂದ ನೀರು ಶಿವನಿಗೆ ಬರಂಗಿಲ್ಲ."

ಅಷ್ಟರಲ್ಲಿ ಪಕ್ಕದ ಮನೆಯ ಸೊಸೆ ಉಂಡೆಯ ತಟ್ಟೆ ಹಿಡಿದು ಬಂದಳು. ಏಳು ತಿಂಗಳ ಬಸುರಿ. ಹೊಸ್ತಿಲು ದಾಟುವಷ್ಟಕ್ಕೇ ಏದುಸಿರು ಬಿಡುತ್ತಿದ್ದಳು. ನಾನು ಮುಟ್ಟದೆ ಬಿಟ್ಟಿದ್ದ ಲೋಟವನ್ನೆತ್ತಿ ಗಟಗಟ ಕುಡಿದು, "ಇನ್ನೊಂದೀಟು ಕೊಡ್ರಿ ಅತ್ತಿ" ಎಂದಳು.

"ಕುಡಿಯವ್ವ, ನೀನು ಇಬ್ಬರ ಪಾಲಿಂದು ಕುಡೀಬೇಕು" ಎಂದು ದೊಡ್ಡಮ್ಮ ಮತ್ತೆ ಬಗ್ಗಿಸಿದಳು. "ಇಕಿ ನನ್ನ ತಂಗಿ ಮಗಳು. ನೀರು ಪರೀಕ್ಷಾ ಮಾಡೋ ಕೆಲಸದಾಗ ಅದಾಳ."

ಆ ಹುಡುಗಿ ನನ್ನ ಕಡೆ ತಿರುಗಿದಳು. ನನಗಿಂತ ಚಿಕ್ಕವಳು. "ಹೌದ್ರೀ? ನಮ್ಮ ನೀರು ಹ್ಯಾಂಗೈತ್ರೀ ಮತ್ತ?"

ಕಾಯಿಸಿ ಕುಡಿಯಿರಿ. ಹೇಳಬೇಕಾಗಿದ್ದದ್ದು ಇಷ್ಟೇ. ಯಾರ ಹೆಸರನ್ನೂ ತೆಗೆಯಬೇಕಾಗಿರಲಿಲ್ಲ. ಆದರೆ ಹೇಳಿದರೆ ದೊಡ್ಡಮ್ಮ ಅಂದೇ ಅಕ್ಕನಿಗೆ ಫೋನ್ ಮಾಡುತ್ತಾಳೆ, ಅಕ್ಕ ಎಚ್ಚರಗೊಳ್ಳುತ್ತಾಳೆ, ನನ್ನ ಹಾಳೆ ಕೆಲಸಕ್ಕೆ ಬರುವುದಿಲ್ಲ.

"ರಿಪೋರ್ಟ್ ಚೆನ್ನಾಗಿದೆ" ಎಂದೆ.

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಗಣಪತಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅಮ್ಮ ಲ್ಯಾಬಿಗೆ ಫೋನ್ ಮಾಡಿದಳು. ಹಾಗೆ ಎಂದೂ ಮಾಡಿದವಳಲ್ಲ. "ದೊಡ್ಡಮ್ಮಂಗೆ ಕಾಮಾಲೆ ಅಂತೆ. ಶಿಕಾರಿಪುರದಲ್ಲೇ ಆಸ್ಪತ್ರೆಗೆ ಸೇರಿಸಿದಾರೆ. ನೀನು ಹೋಗು, ನಾನು ಮಧ್ಯಾಹ್ನದ ಬಸ್ಸಿಗೆ ಬರ್ತೀನಿ." ಹೋದೆ. ದೊಡ್ಡಮ್ಮನ ಕಣ್ಣು ಅರಿಸಿನದಂತಿತ್ತು. ಪಕ್ಕದ ಮಂಚಗಳಲ್ಲಿ ಅದೇ ಕೇರಿಯ ಮುಖಗಳು. ಆ ಸೊಸೆ ಅಲ್ಲಿರಲಿಲ್ಲ. ಅವಳನ್ನು ಶಿವಮೊಗ್ಗಕ್ಕೆ ಕಳಿಸಿದ್ದರು. ಎರಡು ದಿನ ಕಳೆದು ಸುದ್ದಿ ಬಂತು, ಅವಳು ಉಳಿದಳು, ಮಗು ಉಳಿಯಲಿಲ್ಲ.

ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗಾಗಲೇ ದೊಡ್ಡಮ್ಮನ ಊರಿನ ಘಟಕವನ್ನು ಬಿಚ್ಚಿ ನೋಡಿದ್ದರು, ಒಳಗೆ ಮೆಂಬ್ರೇನ್ ಇರಲಿಲ್ಲ. ಅದು ಕೂರಬೇಕಾದ ಕೊಳವೆಗಳು ಖಾಲಿಯಿದ್ದವು. ಕೊಳವೆಬಾವಿಯ ಪೈಪನ್ನು ನೇರ ನಲ್ಲಿಗೆ ಜೋಡಿಸಿದ್ದರು. ಪೊರೆ ಬದಲಿಸಿದ್ದೇವೆಂದು ಪ್ರತಿ ಸಲ ಬಿಲ್ ಹೋಗುತ್ತಿತ್ತು, ಮೇಲಿನಿಂದ ತಪಾಸಣೆಗೆ ಬಂದವರು ಒಳಗೆ ಕಾಲಿಡದೆ ಸಹಿ ಹಾಕಿ ಹೋಗುತ್ತಿದ್ದರು. ಕೊಳವೆಬಾವಿಯ ಪಕ್ಕದಲ್ಲೇ ಚರಂಡಿ. ಮಳೆಗೆ ಅದು ತುಂಬಿ ಹರಿದಿತ್ತು.

ಆಸ್ಪತ್ರೆಯ ವೈದ್ಯರು ನೆಂಟರನ್ನೆಲ್ಲ ನಿಲ್ಲಿಸಿಕೊಂಡು, ಈ ಬಗೆಯ ಕಾಮಾಲೆ ನೀರಿನಿಂದ ಬರುವುದೆಂದೂ, ಕೆಟ್ಟ ನೀರು ಹೊಟ್ಟೆ ಸೇರಿ ಕೆಲವು ವಾರಗಳ ಮೇಲೆ ಕಾಣಿಸಿಕೊಳ್ಳುವುದೆಂದೂ ಬಿಡಿಸಿ ಹೇಳಿದರು. ನಾನು ನಿಂತಲ್ಲೇ ಹಿಂದಕ್ಕೆ ಎಣಿಸಿದೆ. ಎಣಿಕೆ ಹೋಗಿ ಪಂಚಮಿಯ ಆಸುಪಾಸಿಗೆ ಮುಟ್ಟಿತು. ಆ ದಿನದ ಲೋಟವೇ ಎಂದು ಯಾರೂ ಹೇಳಲಾರರು, ಅದರ ಹಿಂದಿನ ದಿನದ್ದಿರಬಹುದು, ಮುಂದಿನ ವಾರದ್ದಿರಬಹುದು. ಆದರೆ ಆ ಎಲ್ಲ ದಿನಗಳಲ್ಲೂ ಹಾಳೆ ನನ್ನ ಬೀರುವಿನಲ್ಲಿತ್ತು.

ಅಕ್ಕ ದೊಡ್ಡಮ್ಮನ ಮಂಚದ ಪಕ್ಕ ಕೂತಿದ್ದಳು. ಎರಡು ದಿನದಿಂದ ತಲೆ ಬಾಚಿರಲಿಲ್ಲ. ದೊಡ್ಡಮ್ಮ ನಿದ್ದೆಯಲ್ಲೂ ಅವಳ ಕೈ ಬಿಟ್ಟಿರಲಿಲ್ಲ. ಅಂಥ ಹೊತ್ತಿನಲ್ಲೂ ನಾನು ಗಮನಿಸಿದ್ದು ಆ ಕೈಯನ್ನು. ಅವಳಿಗೆ ಅಂಥದೊಂದು ಹಿಡಿತ ಸಲೀಸಾಗಿ ಸಿಗುತ್ತದಲ್ಲ ಎಂದು ನನ್ನೊಳಗಿನ ಹಳೆಯ ಉರಿ ಎದ್ದಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಎದ್ದದ್ದು ನಿಜ.

ಆ ದಿನ ಮಧ್ಯಾಹ್ನ ಅಮ್ಮ ಬಂದ ಮೇಲೆ ಅಕ್ಕ ನನ್ನನ್ನು ಹೊರಗೆ ಮೆಟ್ಟಿಲಿಗೆ ಕರೆದಳು.

"ಬಾಟಲಿ ನಾನೇ ತುಂಬಿಸ್ತಿದ್ದೆ" ಎಂದಳು. "ನಮ್ಮ ಆಫೀಸಿನ ಮಷಿನ್ನಿಂದ. ಅದೊಂದು ಸರಿಯಾಗಿತ್ತು. ಸೇರಿದ ಮೊದಲನೇ ತಿಂಗಳೇ ಮೇಲಿನವರು ಹೇಳಿದ್ರು, ಊರೂರು ಸುತ್ತಿ ಹೊತ್ತು ಯಾಕೆ ಹಾಳ್ಮಾಡ್ತೀಯಮ್ಮ, ಇಲ್ಲೇ ತುಂಬ್ಸು, ಎಲ್ಲರೂ ಹಂಗೇ ಮಾಡೋದು ಅಂತ. ಮೆಂಬ್ರೇನ್ ಇಲ್ಲ ಅನ್ನೋದು ನಂಗೆ ಗೊತ್ತಿರಲಿಲ್ಲ ಕಣೇ. ಹಳೇದಾಗಿರಬಹುದು ಅಂದ್ಕೊಂಡಿದ್ದೆ. ಅವ್ವಂಗೆ ಕಾಯಿಸ್ಬೇಡ ಅಂದವಳೂ ನಾನೇ. ಟ್ರೈನಿಂಗಲ್ಲಿ ಹಂಗೆ ಹೇಳಿಕೊಟ್ಟಿದ್ರು."

ನನ್ನ ಕಡೆ ತಿರುಗಿದಳು.

"ನಿಂಗೆ ಗೊತ್ತಾಗ್ಲಿಲ್ವಾ?"

"ಏನು?"

"ಎಲ್ಲಾ ಒಂದೇ ನೀರು ಅಂತ. ಪ್ರತಿ ಸಲ ಪೆಟ್ಟಿಗೆ ನಿನ್ನ ಟೇಬಲ್ ಮೇಲಿಟ್ಟಾಗ ಎದೆ ಹೊಡ್ಕೊಳ್ತಿತ್ತು. ಇವಳು ಬುದ್ಧಿವಂತೆ, ಇವತ್ತು ಹಿಡೀತಾಳೆ, ನಂಗೆ ನಾಲ್ಕು ಬೈತಾಳೆ, ಆಮೇಲೆ ಇದೆಲ್ಲ ನಿಂತುಹೋಗುತ್ತೆ ಅಂದ್ಕೊಳ್ತಿದ್ದೆ. ನಿಲ್ಲಿಸೋ ಧೈರ್ಯ ನಂಗಿರ್ಲಿಲ್ಲ."

"ಇಲ್ಲ" ಎಂದೆ. "ಗೊತ್ತಾಗ್ಲಿಲ್ಲ."

ಮರುದಿನ ಅವಳು ತಾಲ್ಲೂಕು ಕಚೇರಿಯಲ್ಲಿ ಎಲ್ಲವನ್ನೂ ಬರೆದುಕೊಟ್ಟಳು. ಕೆಲಸ ಹೋಯಿತು, ಕಾರು ಹೋಯಿತು, ಸಮಾರಂಭ ನಡೆಯಲಿಲ್ಲ. ಊರಿನವರು ಮೊದಲು ಅವಳ ಮನೆಯ ಮುಂದೆ ನಿಂತು ಮಣ್ಣು ತೂರಿದರು. ವಾರ ಕಳೆಯುವುದರೊಳಗೆ ಮಾತು ತಿರುಗಿತು. ತಪ್ಪು ಮಾಡಿದ್ದು ಹೌದು, ಆದರೆ ಬಾಯಿಬಿಟ್ಟವಳು ಅವಳೊಬ್ಬಳೇ ಎಂದರು. ನಮ್ಮಮ್ಮನೂ ಹಾಗೇ ಅಂದಳು. "ಧೈರ್ಯ ಬೇಕು ಮಾರಾಯ್ತಿ ಅದಕ್ಕೆ." ಆ ಮಾತು ಫ್ರಿಜ್ಜಿಗಿಂತ, ಕಾರಿಗಿಂತ ಹೆಚ್ಚು ಚುಚ್ಚಿತು. ಧೈರ್ಯದಲ್ಲೂ ಅವಳೇ ಮುಂದೆ ಹೋಗಿದ್ದಳು. ಮೊದಲು ಕಂಡವಳು ನಾನು, ಮೊದಲು ಹೇಳಿದವಳು ಅವಳು.

ಕಂಪನಿ ಒಂದು ಪುಟದ ಉತ್ತರ ಕೊಟ್ಟಿತು. ನೀರಿನ ಮಾದರಿ ಬದಲಿಸಿದ್ದು ಸೂಪರ್‌ವೈಸರ್ ಒಬ್ಬಳ ಸ್ವಂತ ಕೃತ್ಯ, ಮೆಂಬ್ರೇನ್‌ಗಳನ್ನು ಮಾರಿಕೊಂಡವಳೂ ಅವಳೇ ಇರಬಹುದು, ಆಡಳಿತಕ್ಕೆ ಏನೂ ತಿಳಿದಿರಲಿಲ್ಲ. ಮೇಲಿನವರು ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಅಕ್ಕನ ಬಳಿ ಸಾಕ್ಷಿಯಿರಲಿಲ್ಲ. ನಮ್ಮ ಮಾಲೀಕರು ರಿಜಿಸ್ಟರನ್ನು ತಮ್ಮ ಮನೆಗೆ ಒಯ್ದು ಕಪಾಟಿನಲ್ಲಿಟ್ಟು, "ನಮ್ಮ ರಿಪೋರ್ಟಲ್ಲಿ ಬರೆದೇ ಇದೆಯಲ್ಲ, ಗ್ರಾಹಕರೇ ತಂದಿದ್ದು ಅಂತ" ಎಂದು ಕೈ ತೊಳೆದುಕೊಂಡರು. ಅವಳು ಸೇರುವ ಮೊದಲೇ ಬಾಟಲಿಗಳು ಒಂದೇ ನೀರು ಹೊತ್ತು ಬರುತ್ತಿದ್ದವು ಎನ್ನುವುದಕ್ಕೆ ಹೊರಗೆ ಉಳಿದಿದ್ದದ್ದು ನನ್ನ ಹಾಳೆಯೊಂದೇ. ಅದರ ತಲೆಯ ಮೇಲೆ, ನನ್ನದೇ ಅಕ್ಷರದಲ್ಲಿ, ತಾರೀಖಿತ್ತು.

ತಾರೀಖನ್ನು ಕತ್ತರಿಸಿ ಕೊಡಬಹುದೇ ಎಂದು ಯೋಚಿಸಿದೆ. ಹೊಸ ಹಾಳೆಗೆ ಇಳಿಸಿ, ಈಗ ನೆನಪಿನಿಂದ ಬರೆದೆ ಎನ್ನಬಹುದೇ ಎಂದೂ ಯೋಚಿಸಿದೆ. ಅಂಕಿಗಳನ್ನು ಯಾರೂ ಹಾಗೆ ನೆನಪಿಡುವುದಿಲ್ಲ. ಅಲ್ಲದೆ ಇಷ್ಟು ವರ್ಷ ನಾನು ಅವಳಿಗಿಂತ ಮೇಲು ಎಂದುಕೊಂಡಿದ್ದದ್ದು ನೋಡಿ ಬರೆಯದವಳು ಎಂಬ ಒಂದೇ ಕಾರಣಕ್ಕೆ. ಒಂಬತ್ತು ದಿನ ತೆಗೆದುಕೊಂಡೆ. ಹತ್ತನೆಯ ದಿನ ಶಿಕಾರಿಪುರದ ತಾಲ್ಲೂಕು ಕಚೇರಿಗೆ ವಿಚಾರಣೆಗೆ ಬಂದಿದ್ದ ಅಧಿಕಾರಿಯ ಮುಂದೆ ಹಾಳೆ ಇಟ್ಟೆ.

ಅಕ್ಕ ಪಕ್ಕದ ಕುರ್ಚಿಯಲ್ಲೇ ಇದ್ದಳು. ಅಧಿಕಾರಿ ಕನ್ನಡಕ ಏರಿಸಿ ಸಾಲು ಸಾಲಾಗಿ ಓದಿದರು. "ಇದು ಬಹಳ ಉಪಯೋಗಕ್ಕೆ ಬರುತ್ತಮ್ಮ" ಎಂದರು. ಆಮೇಲೆ ಮೇಲಕ್ಕೆ ನೋಡಿ, "ಈ ತಾರೀಖು, ನೀವು ಕಂಡುಹಿಡಿದ ದಿನದ್ದಾ, ಇಲ್ಲ ಬರೆದ ದಿನದ್ದಾ?"

"ಎರಡೂ ಒಂದೇ ದಿನ ಸರ್."

ಅಕ್ಕ ಹಾಳೆಯ ಕಡೆ ಬಾಗಿದಳು. ತಾರೀಖನ್ನು ಓದಿದಳು. ತುಟಿ ಅಲುಗಿತು, ಅವಳೂ ಎಣಿಸುತ್ತಿದ್ದಳು.

"ಪಂಚಮಿಗಿಂತ ಮುಂಚೆನೇ?" ಎಂದಳು.

"ಹೌದಕ್ಕ."

ಅವಳು ಬೈಯಲಿಲ್ಲ. ತನ್ನ ಹೇಳಿಕೆಯ ಕೆಳಗೆ ಅಧಿಕಾರಿ ಎಲ್ಲಿ ತೋರಿಸಿದರೋ ಅಲ್ಲಿ ಸಹಿ ಮಾಡಿ ಎದ್ದಳು.

ಆ ಹಾಳೆಯಿಂದ ಅಕ್ಕನ ಮೇಲಿನ ಆರೋಪ ಹಗುರಾಗಿದೆ. ನಾನು ಆ ಲ್ಯಾಬಿನಲ್ಲಿ ಈಗ ಇಲ್ಲ. ವಿಚಾರಣೆ ಇನ್ನೂ ನಡೆಯುತ್ತಿದೆ. ಕಂಪನಿಗೆ ಬೇರೆ ಹೆಸರು ಬಂದಿದೆ, ನೀಲಿ ಕೋಣೆಗಳಿಗೆ ಹಸಿರು ಬಣ್ಣ ಬಂದಿದೆ. ಬೇರೆ ತಾಲ್ಲೂಕಿನಲ್ಲಿ ಯಾರೋ ಬಾಟಲಿ ತುಂಬಿಸುತ್ತಿರಬೇಕು.

ಹಾಳೆ ಕೊಟ್ಟ ದಿನ ಕಚೇರಿಯಿಂದ ಹೊರಟಾಗ ಇಬ್ಬರಿಗೂ ಒಂದೇ ಬಸ್ಸು. ನಾನು ಮೊದಲು ಹತ್ತಿ ಇಬ್ಬರು ಕೂರುವ ಸೀಟು ಹಿಡಿದು, ಕಿಟಕಿಯ ಕಡೆ ಸರಿದು ಜಾಗ ಬಿಟ್ಟೆ. ಅಕ್ಕ ಹತ್ತಿದಳು. ನನ್ನನ್ನು ನೋಡಿದಳು, ಖಾಲಿ ಜಾಗವನ್ನೂ ನೋಡಿದಳು. ಮುಂದಕ್ಕೆ ಹೋಗಿ, ಮಡಿಲಲ್ಲಿ ತರಕಾರಿ ಚೀಲ ಇಟ್ಟುಕೊಂಡಿದ್ದ ಯಾರೋ ಹೆಂಗಸಿನ ಪಕ್ಕ ಕೂತಳು. ಆ ಹೆಂಗಸು ಏನೋ ಕೇಳಿದಳು, ಅಕ್ಕ ಉತ್ತರಿಸಿದಳು. ಸ್ವಲ್ಪ ಹೊತ್ತಿಗೆ ಆ ಹೆಂಗಸು ಅಕ್ಕನ ತೋಳು ಸವರುತ್ತಿದ್ದಳು. ಹೆಸರು ಗೊತ್ತಿಲ್ಲದ ಆ ಹೆಂಗಸನ್ನು ಕಂಡು ನನಗೆ ಹೊಟ್ಟೆಯುರಿಯಿತು. ದೊಡ್ಡಮ್ಮನ ಊರಿನ ಸ್ಟಾಪಿನಲ್ಲಿ ಅಕ್ಕ ಇಳಿದು, ಕಿಟಕಿಯ ಕಡೆ ತಿರುಗದೆ ಊರೊಳಗೆ ಹೋದಳು.